ಪ್ಲೇ ಒತ್ತಿದ ಮೇಲೆ ಏನೇನು ನಡೆಯುತ್ತದೆ? ಆಡಿಯೋ, ವಿಡಿಯೋ ಸ್ಟ್ರೀಮಿಂಗ್‌ನ ಸಮಗ್ರ ಮಾರ್ಗದರ್ಶಿ

ವಿಡಿಯೋ ಶುರುವಿನಲ್ಲಿ ಚೆನ್ನಾಗೇ ಓಡುತ್ತದೆ. ಎರಡು ನಿಮಿಷ ಕಳೆಯುತ್ತಿದ್ದಂತೆ ಪರದೆಯ ನಡುವೆ ಚಕ್ರ ಸುತ್ತತೊಡಗುತ್ತದೆ. ನೆಟ್ ಸರಿಯಿಲ್ಲ ಅಂತ ಬೈದು ಸುಮ್ಮನಾಗುತ್ತೇವೆ. ಆದರೆ ನೆಟ್ ಸರಿಯಿಲ್ಲದಿದ್ದರೆ ಮೊದಲ ಎರಡು ನಿಮಿಷ ಓಡಿದ್ದು ಹೇಗೆ? ಇದಕ್ಕೆ ಉತ್ತರ ಸಣ್ಣದೊಂದು ಲೆಕ್ಕದಲ್ಲಿದೆ. ಆ ಲೆಕ್ಕ ಗೊತ್ತಾದರೆ ಸ್ಟ್ರೀಮಿಂಗ್ ಅರ್ಧ ಅರ್ಥವಾದ ಹಾಗೆ.

ಇಲ್ಲಿ ಒಂದೇ ವಿಡಿಯೋ ಹಿಡಿದುಕೊಂಡು ಕ್ಯಾಮೆರಾದಿಂದ ಪರದೆಯವರೆಗೂ ಅದರ ಹಿಂದೆ ಹೋಗೋಣ. ಹತ್ತು ನಿಮಿಷದ ವಿಡಿಯೋ, 1080ಪಿ, ಸೆಕೆಂಡಿಗೆ 30 ಫ್ರೇಮ್. ಆಮೇಲೆ ಲೈವ್ ಹೇಗೆ ಬೇರೆ ಅನ್ನುವುದನ್ನೂ, ನೀವೇ ಲೈವ್ ಮಾಡಲು ಬೇಕಾದ ಸೆಟ್ಟಿಂಗ್‌ಗಳನ್ನೂ ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನಾವು ದಿನವೂ ನೋಡುವ ಸ್ಟ್ರೀಮಿಂಗ್‌ನ ಬಹುಪಾಲು ಸಣ್ಣ ಸಣ್ಣ ಫೈಲ್‌ಗಳನ್ನು ಒಂದಾದ ಮೇಲೊಂದು ಡೌನ್‌ಲೋಡ್ ಮಾಡುವ ಕೆಲಸ. ಮುಂದಿನದ್ದೆಲ್ಲ ಇದನ್ನೇ ಹಿಡಿದು ಸಾಗುತ್ತದೆ.

ಹಂತ 1: ಕಚ್ಚಾ ವಿಡಿಯೋ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ

1080ಪಿ ಅಂದರೆ ಒಂದು ಫ್ರೇಮ್‌ನಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಮೂರು ಬೈಟ್ ಅಂದುಕೊಂಡರೆ ಒಂದು ಫ್ರೇಮ್‌ಗೆ ಸುಮಾರು 62 ಲಕ್ಷ ಬೈಟ್. ಸೆಕೆಂಡಿಗೆ 30 ಫ್ರೇಮ್ ಆದರೆ ಸುಮಾರು 187 ಮೆಗಾಬೈಟ್. ಹತ್ತು ನಿಮಿಷಕ್ಕೆ 112 ಗಿಗಾಬೈಟ್ ಆಯಿತು!

ನೆಟ್ ಸ್ಪೀಡ್ ಹೇಳುವುದು ಬಿಟ್‌ನಲ್ಲಿ, ಫೈಲ್ ಅಳೆಯುವುದು ಬೈಟ್‌ನಲ್ಲಿ. ಒಂದು ಬೈಟ್‌ಗೆ ಎಂಟು ಬಿಟ್. ಇದನ್ನು ಮರೆತರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ. 187 ಮೆಗಾಬೈಟನ್ನು ಎಂಟರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 1,500 ಮೆಗಾಬಿಟ್. ಇದೇ ವಿಡಿಯೋ ಸ್ಟ್ರೀಮಿಂಗ್‌ನಲ್ಲಿ ನಿಮ್ಮ ಹತ್ತಿರ ಬರುವುದು ಸುಮಾರು 5 ಮೆಗಾಬಿಟ್‌ನಲ್ಲಿ. ಅಂದರೆ ಮುನ್ನೂರರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಎಲ್ಲಿ ಹೋಯಿತು? ಸ್ಟ್ರೀಮಿಂಗ್‌ನಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ.

ಹಂತ 2: ಕೋಡೆಕ್ ಏನನ್ನು ಕೈಬಿಡುತ್ತದೆ ಅಂತ ತಿಳಿದುಕೊಳ್ಳಿ

ವಿಡಿಯೋವನ್ನು ಕುಗ್ಗಿಸಿ, ಮತ್ತೆ ಬಿಚ್ಚುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಅದು ಮೊದಲು ಕೈ ಹಾಕುವುದು ಬಣ್ಣಕ್ಕೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿದಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ. ಹಾಗಾಗಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಒಂದು ಸಾಕು. ಇಷ್ಟಕ್ಕೇ ಡೇಟಾ ಅರ್ಧಕ್ಕಿಳಿಯಿತು. ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ದೊಡ್ಡ ಉಳಿತಾಯ ಆಗುವುದು ಫ್ರೇಮ್‌ಗಳ ನಡುವೆ. ಒಬ್ಬರು ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ತುಟಿ ಅಲ್ಲಾಡಿರಬಹುದು, ಕೈ ಚೂರು ಸರಿದಿರಬಹುದು. ಹಿಂದಿನ ಗೋಡೆ ಇದ್ದ ಹಾಗೇ ಇದೆ. ಅದನ್ನು ಸೆಕೆಂಡಿಗೆ ಮೂವತ್ತು ಸಲ ಕಳಿಸಬೇಕಾಗಿಲ್ಲ ಅಲ್ವಾ? ಅದಕ್ಕೇ ಕೋಡೆಕ್ ಮೂರು ಬಗೆಯ ಫ್ರೇಮ್ ಮಾಡುತ್ತದೆ. ಐ-ಫ್ರೇಮ್ ಪೂರ್ತಿ ಚಿತ್ರ. ಪಿ-ಫ್ರೇಮ್ ಹಿಂದಿನ ಫ್ರೇಮ್‌ನಿಂದ ಏನು ಬದಲಾಯಿತು ಅನ್ನುವುದನ್ನಷ್ಟೇ ಹೇಳುತ್ತದೆ. ಬಿ-ಫ್ರೇಮ್ ಹಿಂದಿನದನ್ನೂ ಮುಂದಿನದನ್ನೂ ನೋಡಿ ನಡುವಿನದನ್ನು ಕಟ್ಟುತ್ತದೆ. ಬದಲಾವಣೆಯನ್ನೂ ಜಾಣತನದಿಂದ ಹೇಳುತ್ತದೆ: "ಈ ಚೌಕ ಎಡಕ್ಕೆ ಆರು ಪಿಕ್ಸೆಲ್ ಸರಿದಿದೆ" ಅಂದರೆ ಮುಗಿಯಿತು, ಚೌಕವನ್ನೇ ಮತ್ತೆ ಕಳಿಸುವುದಿಲ್ಲ. ಕೊನೆಗೆ ಕಣ್ಣಿಗೆ ಬೀಳದಷ್ಟು ಸೂಕ್ಷ್ಮ ವಿವರಗಳನ್ನು ಕಿತ್ತುಹಾಕುತ್ತದೆ.

ಮಳೆ, ಅಲೆ, ಹಾರಾಡುವ ಕಾಗದದ ಚೂರು, ಜನಜಂಗುಳಿ ಇರುವ ದೃಶ್ಯಗಳು ಚೌಕ ಚೌಕವಾಗಿ ಒಡೆದು ಕಾಣುವುದು ಇದಕ್ಕೇ. ಅಲ್ಲಿ ಪ್ರತಿ ಫ್ರೇಮ್‌ನಲ್ಲೂ ಎಲ್ಲವೂ ಬದಲಾಗುತ್ತದೆ, ಹಿಂದಿನದರಿಂದ ಎರವಲು ಪಡೆಯಲು ಏನೂ ಇರುವುದಿಲ್ಲ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಅನ್ನುವ ಲೆಕ್ಕ, ಮಾತ್ರ ಅಷ್ಟೇ. ಇರುವ ಬಿಟ್‌ಗಳನ್ನೇ ಎಲ್ಲಕ್ಕೂ ಹಂಚಬೇಕಾದಾಗ ವಿವರ ಕರಗಿಹೋಗುತ್ತದೆ.

ಕೋಡೆಕ್‌ಗಳಲ್ಲಿ ಯಾವುದು ಒಳ್ಳೆಯದು? ಎಚ್.264 ಬಂದದ್ದು 2003ರಲ್ಲಿ. 2013ರಲ್ಲಿ ಎಚ್.265 ಮತ್ತು ಗೂಗಲ್‌ನ ವಿಪಿ9 ಬಂದವು, 2018ರಲ್ಲಿ ಎವಿ1. ಹೊಸದು ಅದೇ ಗುಣಮಟ್ಟವನ್ನು ಕಡಿಮೆ ಬಿಟ್‌ನಲ್ಲಿ ಕೊಡುತ್ತದೆ, ಆದರೆ ಎನ್‌ಕೋಡ್ ಮಾಡಲು, ಅಂದರೆ ಕುಗ್ಗಿಸಲು, ಜಾಸ್ತಿ ಹೊತ್ತು ಬೇಕು. ಬಿಚ್ಚಲು ಬೇಕಾದ ಚಿಪ್ ಹಳೆಯ ಸಾಧನಗಳಲ್ಲಿ ಇರುವುದಿಲ್ಲ. ಚಿಪ್ ಇಲ್ಲದಿದ್ದರೆ ಆ ಕೆಲಸ ಪ್ರೊಸೆಸರ್ ಮೇಲೆ ಬಿದ್ದು, ಫೋನ್ ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುತ್ತದೆ. ನೀವು ಒಂದೇ ಒಂದನ್ನು ಆರಿಸಬೇಕಾದರೆ ವಿಡಿಯೋಗೆ ಎಚ್.264, ಆಡಿಯೋಗೆ ಎಎಸಿ ಇಟ್ಟುಕೊಳ್ಳಿ. ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತದೆ.

ಆಡಿಯೋದ ಕಥೆಯೂ ಇದೇ. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಒಂದಕ್ಕೆ 16 ಬಿಟ್, ಎರಡು ಚಾನೆಲ್: ಒಟ್ಟು 1,411 ಕಿಲೋಬಿಟ್. ಎಎಸಿ ಅದನ್ನು 128 ಕಿಲೋಬಿಟ್‌ಗೆ ಇಳಿಸುತ್ತದೆ. ಜೋರು ಸದ್ದಿನ ಪಕ್ಕದಲ್ಲೇ ಇರುವ ಮೆಲ್ಲನೆ ಸದ್ದು ಕಿವಿಗೆ ಕೇಳಿಸುವುದಿಲ್ಲವಾದ್ದರಿಂದ ಅದನ್ನು ಬಿಟ್ಟುಬಿಡುತ್ತದೆ.

ಎಂಪಿ4, ವೆಬ್‌ಎಂ, ಎಂಕೆವಿ ಇವೆಲ್ಲ ಕೋಡೆಕ್ ಅಲ್ಲ. ವಿಡಿಯೋ, ಆಡಿಯೋ, ಸಬ್‌ಟೈಟಲ್ ಒಟ್ಟಿಗೆ ತುಂಬಿಡುವ ಕಂಟೇನರ್‌ಗಳು. ಒಂದು ವಿಷಯ ನೆನಪಿಟ್ಟುಕೊಂಡರೆ ಸಾಕು: ಎಂಪಿ4 ಫೈಲ್‌ನ ಸೂಚಿ ಎಷ್ಟೋ ಸಲ ಫೈಲ್‌ನ ಕೊನೆಯಲ್ಲಿ ಕೂತಿರುತ್ತದೆ. ಅಂಥ ಫೈಲನ್ನು ನೇರವಾಗಿ ವೆಬ್‌ಸೈಟ್‌ಗೆ ಹಾಕಿದರೆ ಶುರುವಾಗಲು ತಡವಾಗಬಹುದು. ಎಕ್ಸ್‌ಪೋರ್ಟ್ ಮಾಡುವಾಗ "ಫಾಸ್ಟ್ ಸ್ಟಾರ್ಟ್" ಆಯ್ಕೆ ಇದ್ದರೆ ಟಿಕ್ ಹಾಕಿ, ಸೂಚಿ ಮುಂದಕ್ಕೆ ಬರುತ್ತದೆ.

ಹಂತ 3: ಒಂದೇ ವಿಡಿಯೋದ ಹಲವು ಪ್ರತಿ ಮಾಡಿ

ಎಲ್ಲರ ನೆಟ್ ಒಂದೇ ಥರ ಇರುವುದಿಲ್ಲ. ನಮ್ಮ ವಿಡಿಯೋವನ್ನು ನಾಲ್ಕು ಪ್ರತಿ ಮಾಡೋಣ: 1080ಪಿ 5 ಮೆಗಾಬಿಟ್‌ನಲ್ಲಿ, 720ಪಿ 2.8ರಲ್ಲಿ, 480ಪಿ 1.4ರಲ್ಲಿ, 360ಪಿ 0.8ರಲ್ಲಿ. ಈ ಅಂಕಿಗಳು ಕಟ್ಟಪ್ಪಣೆ ಏನಲ್ಲ, ವಿಡಿಯೋದಲ್ಲಿ ಎಷ್ಟು ಚಲನೆ ಇದೆ ಅನ್ನುವುದರ ಮೇಲೆ ಏರುಪೇರಾಗುತ್ತವೆ. ಸ್ಲೈಡ್ ತೋರಿಸುವ ಪಾಠಕ್ಕೆ ಇದರ ಅರ್ಧವೂ ಸಾಕಾಗಬಹುದು.

ಇಲ್ಲಿ ತಪ್ಪಬಾರದ್ದು ಒಂದೇ. ನಾಲ್ಕೂ ಪ್ರತಿಗಳಲ್ಲಿ ಕೀಫ್ರೇಮ್‌ಗಳು, ಅಂದರೆ ವಿಡಿಯೋ ಹೊಸದಾಗಿ ಶುರು ಮಾಡಬಹುದಾದ ಪೂರ್ತಿ ಫ್ರೇಮ್‌ಗಳು, ಒಂದೇ ಜಾಗದಲ್ಲಿ ಬರಬೇಕು. ನೋಡುತ್ತಿರುವಾಗಲೇ 1080ರಿಂದ 480ಕ್ಕೆ ಜಿಗಿಯಬೇಕಾದರೆ ಅಲ್ಲೊಂದು ಪೂರ್ತಿ ಚಿತ್ರ ಕಾದಿರಬೇಕು. ಪಿ-ಫ್ರೇಮ್ ಮೇಲೆ ಹೋಗಿ ಬಿದ್ದರೆ, "ಬದಲಾದದ್ದು ಇಷ್ಟು" ಅಂತ ಅದು ಹೇಳುತ್ತದೆಯೇ ಹೊರತು ಯಾವುದರಿಂದ ಬದಲಾಯಿತು ಅನ್ನುವುದು ಪ್ಲೇಯರ್ ಹತ್ತಿರ ಇರುವುದಿಲ್ಲ. ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಬಳಸುವವರು ಕೀಫ್ರೇಮ್ ಅಂತರವನ್ನು 60 ಫ್ರೇಮ್‌ಗೆ, ಅಂದರೆ ಎರಡು ಸೆಕೆಂಡಿಗೆ ಕಟ್ಟಿಹಾಕಿ. ದೃಶ್ಯ ಬದಲಾದಾಗ ತಾನಾಗಿ ಕೀಫ್ರೇಮ್ ಹಾಕುವ ಸೌಲಭ್ಯವನ್ನು ಆಫ್ ಮಾಡಿ.

ಹಂತ 4: ತುಂಡು ಮಾಡಿ, ಪಟ್ಟಿ ಬರೆಯಿರಿ

ಈಗ ಪ್ರತಿಯೊಂದನ್ನೂ ಆರಾರು ಸೆಕೆಂಡಿನ ತುಂಡು ಮಾಡಬೇಕು. ಇವಕ್ಕೆ ಸೆಗ್ಮೆಂಟ್ ಅನ್ನುತ್ತಾರೆ. ಹತ್ತು ನಿಮಿಷಕ್ಕೆ ನೂರು ತುಂಡು, ನಾಲ್ಕು ಪ್ರತಿಗೆ ನಾನೂರು. 1080ಪಿಯ ಒಂದು ತುಂಡು 30 ಮೆಗಾಬಿಟ್, ಅಂದರೆ 3.75 ಮೆಗಾಬೈಟ್.

ತುಂಡುಗಳ ಜೊತೆ ಪಟ್ಟಿಯೊಂದು ಬೇಕು. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಅನ್ನುವ ಸ್ಟ್ರೀಮಿಂಗ್ ವಿಧಾನದಲ್ಲಿ ಅದು ಎಂ3ಯು8 ಅನ್ನುವ ಮಾಮೂಲಿ ಟೆಕ್ಸ್ಟ್ ಫೈಲ್. 2012ರಲ್ಲಿ ಪ್ರಕಟವಾದ ಡ್ಯಾಶ್ ಮಾನದಂಡದಲ್ಲಿ ಎಕ್ಸ್‌ಎಂಎಲ್ ರೂಪದ ಎಂಪಿಡಿ ಫೈಲ್. ಹೆಸರು ಬೇರೆ, ಕೆಲಸ ಒಂದೇ. ಎಚ್‌ಎಲ್‌ಎಸ್ ಪಟ್ಟಿಯನ್ನು ಯಾವುದಾದರೂ ಎಡಿಟರ್‌ನಲ್ಲಿ ತೆರೆದು ನೋಡಿ, ಓದಲು ಕಷ್ಟವೇ ಇಲ್ಲ. ಮುಖ್ಯ ಪಟ್ಟಿಯಲ್ಲಿ ನಾಲ್ಕು ನಮೂದು: ಈ ಪ್ರತಿಗೆ ಇಷ್ಟು ಬ್ಯಾಂಡ್‌ವಿಡ್ತ್ ಬೇಕು, ಅಳತೆ ಇಷ್ಟು, ಕೋಡೆಕ್ ಇದು, ಅದರ ಪಟ್ಟಿ ಇಲ್ಲಿದೆ. ಒಳಗಿನ ಪಟ್ಟಿಯಲ್ಲಿ ಮೊದಲು ತುಂಡಿನ ಗರಿಷ್ಠ ಉದ್ದ 6 ಅಂತ ಇರುತ್ತದೆ. ಆಮೇಲೆ ಸಾಲಾಗಿ ಒಂದು ಅವಧಿ, ಒಂದು ಫೈಲ್ ಹೆಸರು; ಮತ್ತೊಂದು ಅವಧಿ, ಮತ್ತೊಂದು ಹೆಸರು. ಕೊನೆಯಲ್ಲಿ "ಎಂಡ್‌ಲಿಸ್ಟ್". ಆ ಸಾಲು ಇಲ್ಲದಿದ್ದರೆ ಇನ್ನೂ ತುಂಡುಗಳು ಬರಲಿವೆ ಅಂತ ಪ್ಲೇಯರ್ ತಿಳಿದುಕೊಂಡು ಪಟ್ಟಿಯನ್ನು ಮತ್ತೆ ಮತ್ತೆ ತರಿಸಿಕೊಳ್ಳುತ್ತದೆ. ಲೈವ್ ನಡೆಯುವುದು ಇದರಿಂದಲೇ.

ಹಂತ 5: ಸರ್ವರ್‌ಗೆ ಹಾಕಿ

ಈ ಫೈಲ್‌ಗಳನ್ನು ಇಡಲು ವಿಶೇಷ ಸರ್ವರ್ ಬೇಡ. ಚಿತ್ರ, ವೆಬ್ ಪುಟ ಕೊಡುವ ಮಾಮೂಲಿ ಎಚ್‌ಟಿಟಿಪಿ ಸರ್ವರ್ ಸಾಕು. ಮೊದಲು ಹೀಗಿರಲಿಲ್ಲ. 1995ರಲ್ಲಿ ರಿಯಲ್‌ಆಡಿಯೋ ಬಂದ ಕಾಲದಿಂದ ಫ್ಲ್ಯಾಶ್ ಪ್ಲೇಯರ್‌ನ ದಿನಗಳವರೆಗೆ ಸ್ಟ್ರೀಮಿಂಗ್ ಅಂದರೆ ಸಾಮಾನ್ಯವಾಗಿ ಅದಕ್ಕೇ ಅಂತ ಇರುವ ಸರ್ವರ್, ಅದಕ್ಕೇ ಅಂತ ಇರುವ ಪ್ರೋಟೋಕಾಲ್. ಒಬ್ಬೊಬ್ಬ ನೋಡುಗನ ಜೊತೆಗೂ ಸರ್ವರ್ ಸಂಪರ್ಕ ಹಿಡಿದಿಟ್ಟುಕೊಂಡು, ಯಾರು ಎಲ್ಲಿದ್ದಾರೆ ಅಂತ ನೆನಪಿಡಬೇಕಿತ್ತು. ಕಚೇರಿಗಳ ಫೈರ್‌ವಾಲ್ ಇಂಥ ಸಂಪರ್ಕಗಳನ್ನು ತಡೆಯುವುದೂ ಇತ್ತು.

ತುಂಡು ಫೈಲ್‌ಗಳ ದಾರಿ ಗೆದ್ದದ್ದು ಇಲ್ಲೇ. ಸರ್ವರ್ ಯಾರನ್ನೂ ನೆನಪಿಡಬೇಕಾಗಿಲ್ಲ, ಕೇಳಿದ ಫೈಲ್ ಕೊಟ್ಟರಾಯಿತು. ಮುಖ್ಯವಾಗಿ, ಫೈಲ್ ಅಂದಮೇಲೆ ಅದನ್ನು ನಕಲು ಮಾಡಿ ಬೇರೆ ಬೇರೆ ಊರುಗಳಲ್ಲಿ ಇಡಬಹುದು. ಆ ಕೆಲಸ ಸಿಡಿಎನ್‌ಗಳದ್ದು, ಅಂದರೆ ಹಲವು ಊರುಗಳಲ್ಲಿ ಹರಡಿರುವ ಸರ್ವರ್ ಜಾಲಗಳದ್ದು. ಒಂದು ತುಂಡನ್ನು ಮೊದಲು ಕೇಳಿದವರಿಗಾಗಿ ಅದು ಮೂಲ ಸರ್ವರ್‌ನಿಂದ ಬರುತ್ತದೆ. ಆಮೇಲೆ ಅದೇ ಪ್ರದೇಶದ ಸಾವಿರ ಜನ ಕೇಳಿದರೂ ಹತ್ತಿರದ ಸಿಡಿಎನ್ ಸರ್ವರ್‌ನಿಂದಲೇ ಸಿಗುತ್ತದೆ. ನೆಟ್‌ಫ್ಲಿಕ್ಸ್ ಇನ್ನೂ ಮುಂದೆ ಹೋಗಿ ಓಪನ್ ಕನೆಕ್ಟ್ ಅನ್ನುವ ತನ್ನದೇ ಪೆಟ್ಟಿಗೆಗಳನ್ನು ಇಂಟರ್ನೆಟ್ ಕೊಡುವ ಕಂಪನಿಗಳ ಒಳಗೇ ಇಡಿಸಿದೆ.

ಒಂದು ತುಂಡು ನಿಮ್ಮವರೆಗೆ ಬರುವುದು ಪ್ಯಾಕೆಟ್‌ಗಳಾಗಿ. ಒಂದು ಪ್ಯಾಕೆಟ್ ಹೆಚ್ಚೆಂದರೆ 1,500 ಬೈಟ್‌ನಷ್ಟು, ಹಾಗಾಗಿ ನಮ್ಮ 3.75 ಮೆಗಾಬೈಟ್ ತುಂಡಿಗೆ ಎರಡೂವರೆ ಸಾವಿರಕ್ಕೂ ಜಾಸ್ತಿ ಪ್ಯಾಕೆಟ್. ದಾರಿಯಲ್ಲಿ ಒಂದು ಕಳೆದುಹೋದರೆ, ಪ್ಯಾಕೆಟ್ ಸಾಗಿಸುವ ಟಿಸಿಪಿ ಅನ್ನುವ ಪ್ರೋಟೋಕಾಲ್ ಅದನ್ನು ಮತ್ತೆ ಕಳಿಸುತ್ತದೆ. ಸ್ವಲ್ಪ ತಡವಾದರೂ ತೊಂದರೆಯಿಲ್ಲ, ಯಾಕೆಂದರೆ ಪ್ಲೇಯರ್ ಹತ್ತಿರ ಅಷ್ಟರಲ್ಲಿ ಒಂದಿಷ್ಟು ದಾಸ್ತಾನು ಇರುತ್ತದೆ.

ಹಂತ 6: ಬಫರ್ ಲೆಕ್ಕ ಹಾಕಿ

ಆ ದಾಸ್ತಾನೇ ಬಫರ್. ಪ್ಲೇಯರ್ ಮಾಡುವ ಎಲ್ಲ ತೀರ್ಮಾನವೂ ಇದರ ಸುತ್ತ ತಿರುಗುತ್ತದೆ.

ನಿಮ್ಮ ನೆಟ್ ಸೆಕೆಂಡಿಗೆ 20 ಮೆಗಾಬಿಟ್ ಅಂದುಕೊಳ್ಳಿ. 30 ಮೆಗಾಬಿಟ್‌ನ ತುಂಡು ಒಂದೂವರೆ ಸೆಕೆಂಡಿನಲ್ಲಿ ಬಂತು, ಆದರೆ ಅದರಲ್ಲಿರುವುದು ಆರು ಸೆಕೆಂಡಿನ ವಿಡಿಯೋ. ನಾಲ್ಕೂವರೆ ಸೆಕೆಂಡ್ ಲಾಭ. ಹೀಗೆ ಬಫರ್ ಬೇಗ ತುಂಬುತ್ತದೆ. ತುಂಬಿದ ಮೇಲೆ ಪ್ಲೇಯರ್ ಸುಮ್ನೆ ಕೂತು, ಜಾಗ ಖಾಲಿಯಾದಾಗ ಮುಂದಿನದನ್ನು ಕೇಳುತ್ತದೆ.

ಈಗ ನೆಟ್ 4 ಮೆಗಾಬಿಟ್‌ಗೆ ಇಳಿಯಿತು, ನೀವು ಹಟ ಹಿಡಿದು 1080ಪಿಯನ್ನೇ ಆರಿಸಿಟ್ಟಿದ್ದೀರಿ. ಬಫರ್‌ನಲ್ಲಿ 30 ಸೆಕೆಂಡ್ ಇದೆ. ಒಂದು ತುಂಡು ಬರಲು ಏಳೂವರೆ ಸೆಕೆಂಡ್, ಅದರಿಂದ ಸಿಗುವುದು ಆರು. ಪ್ರತಿ ತುಂಡಿಗೂ ಒಂದೂವರೆ ಸೆಕೆಂಡ್ ನಷ್ಟ. ಇಪ್ಪತ್ತು ತುಂಡು ಆಗುವಷ್ಟರಲ್ಲಿ, ಅಂದರೆ ಸರಿಯಾಗಿ ಎರಡೂವರೆ ನಿಮಿಷಕ್ಕೆ, ಬಫರ್ ಖಾಲಿ. ಚಕ್ರ ಸುತ್ತುತ್ತದೆ. ಮೊದಲ ಎರಡು ನಿಮಿಷ ಓಡಿದ್ದು ಕೂಡಿಟ್ಟ ದಾಸ್ತಾನಿನಿಂದ.

"ಆಟೋ" ಇಟ್ಟಿದ್ದರೆ ಹೀಗಾಗುವ ಮೊದಲೇ ಪ್ಲೇಯರ್ ಎಚ್ಚೆತ್ತುಕೊಳ್ಳುತ್ತದೆ. ಹಿಂದಿನ ಕೆಲವು ತುಂಡು ಎಷ್ಟು ಬೇಗ ಬಂದವು, ಬಫರ್‌ನಲ್ಲಿ ಎಷ್ಟಿದೆ ಅನ್ನುವ ಎರಡನ್ನೂ ನೋಡಿ ಮುಂದಿನ ತುಂಡನ್ನು 720ಪಿ ಪಟ್ಟಿಯಿಂದ ಕೇಳುತ್ತದೆ. ಅದು 16.8 ಮೆಗಾಬಿಟ್, 4.2 ಸೆಕೆಂಡಿನಲ್ಲಿ ಬರುತ್ತದೆ. ಬಫರ್ ಮತ್ತೆ ತುಂಬತೊಡಗುತ್ತದೆ. ಗಮನಿಸಿ, ತೀರ್ಮಾನ ಮಾಡುವುದು ಸರ್ವರ್ ಅಲ್ಲ, ನಿಮ್ಮ ಕೈಯಲ್ಲಿರುವ ಪ್ಲೇಯರ್. ಅದಕ್ಕೇ ಒಂದೇ ವೈಫೈನಲ್ಲಿ ಎರಡು ಸಾಧನ ಬೇರೆ ಬೇರೆ ಗುಣಮಟ್ಟ ತೋರಿಸಬಹುದು. ಶುರುವಿನಲ್ಲಿ ಕೆಲವು ಸೆಕೆಂಡ್ ಚಿತ್ರ ಮಸುಕಾಗಿರುವುದಕ್ಕೂ ಕಾರಣ ಇದೇ: ಸ್ಪೀಡ್ ಇನ್ನೂ ಗೊತ್ತಿಲ್ಲದಾಗ ಬೇಗ ಬರುವ ಸಣ್ಣ ತುಂಡಿನಿಂದ ಶುರು ಮಾಡುವ ಪ್ಲೇಯರ್‌ಗಳು ಹಲವು.

ಹಂತ 7: ಕಣ್ಣಾರೆ ನೋಡಿ

ಇಷ್ಟು ಓದಿದ ಮೇಲೆ ಇದನ್ನು ನೋಡದೆ ಬಿಡಬೇಡಿ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ವಿಡಿಯೋ ಓಡುತ್ತಿರುವಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಆರಿಸಿ. "ಕೋಡೆಕ್ಸ್" ಸಾಲಿನಲ್ಲಿ ಎವಿ01, ವಿಪಿ09 ಅಥವಾ ಎವಿಸಿ1 ಕಾಣುತ್ತದೆ, ಕೊನೆಯದು ಎಚ್.264. ಆಡಿಯೋ ಸಾಮಾನ್ಯವಾಗಿ ಓಪಸ್. "ಬಫರ್ ಹೆಲ್ತ್" ಅಂದರೆ ದಾಸ್ತಾನಿನಲ್ಲಿ ಎಷ್ಟು ಸೆಕೆಂಡ್ ಇದೆ ಅಂತ. ಈಗ ವೈಫೈ ಆಫ್ ಮಾಡಿ. ವಿಡಿಯೋ ಓಡುತ್ತಲೇ ಇರುತ್ತದೆ, ಬಫರ್ ಸಂಖ್ಯೆ ಇಳಿಯುತ್ತಾ ಹೋಗುತ್ತದೆ, ಸೊನ್ನೆಯ ಹತ್ತಿರ ಬಂದಾಗ ನಿಲ್ಲುತ್ತದೆ.

ತುಂಡುಗಳನ್ನೇ ನೋಡಬೇಕಾದರೆ ಎಚ್‌ಎಲ್‌ಎಸ್ ಬಳಸುವ ಯಾವುದಾದರೂ ಸೈಟ್‌ನಲ್ಲಿ ಎಫ್12 ಒತ್ತಿ, "ನೆಟ್‌ವರ್ಕ್" ಟ್ಯಾಬ್ ತೆರೆದು, ಪುಟವನ್ನು ರಿಫ್ರೆಶ್ ಮಾಡಿ. ಮೊದಲು ಪಟ್ಟಿಯ ಫೈಲ್ ಬರುತ್ತದೆ, ಹಿಂದೆಯೇ ಟಿಎಸ್ ಅಥವಾ ಎಂ4ಎಸ್ ಅಂತ ಕೊನೆಯಾಗುವ ತುಂಡುಗಳು. ಅದೇ ಟ್ಯಾಬ್‌ನಲ್ಲಿ ಸ್ಪೀಡ್ ಕಡಿಮೆ ಮಾಡುವ ಥ್ರಾಟಲಿಂಗ್ ಆಯ್ಕೆ ಇರುತ್ತದೆ. ಸ್ಪೀಡ್ ಇಳಿಸಿ ನೋಡಿ, ಬರುವ ತುಂಡುಗಳ ಸೈಜ್ ಕುಗ್ಗುವುದು ಕಾಣುತ್ತದೆ.

ಲೈವ್ ಯಾಕೆ ಹಿಂದೆ ಬೀಳುತ್ತದೆ

ಲೈವ್‌ನಲ್ಲಿ ಮುಂದಿನ ತುಂಡು ಇನ್ನೂ ಹುಟ್ಟಿಯೇ ಇರುವುದಿಲ್ಲ. ಆರು ಸೆಕೆಂಡಿನ ತುಂಡು ತಯಾರಾಗಲು ಆರು ಸೆಕೆಂಡ್ ಕಳೆಯಲೇಬೇಕು. ಎಚ್‌ಎಲ್‌ಎಸ್ ಪ್ಲೇಯರ್ ಸಾಮಾನ್ಯವಾಗಿ ಪಟ್ಟಿಯ ಕೊನೆಯಿಂದ ಮೂರು ತುಂಡು ಹಿಂದೆ ನಿಂತು ಶುರು ಮಾಡುತ್ತದೆ, ಅಲ್ಲಿಗೆ 18 ಸೆಕೆಂಡ್. ಎನ್‌ಕೋಡಿಂಗ್, ಅಪ್‌ಲೋಡ್, ಸಿಡಿಎನ್ ಸೇರಿದರೆ 20 ದಾಟುತ್ತದೆ. ಪಕ್ಕದವರ ಟಿವಿಯಲ್ಲಿ ಗೋಲ್ ಆದ ಕೂಗು ಕೇಳಿದ ಮೇಲೆ ನಿಮ್ಮ ಫೋನಿನಲ್ಲಿ ಆಟಗಾರ ಓಡಲು ಶುರು ಮಾಡುವುದು ಹೀಗೆ.

ತುಂಡನ್ನು ಎರಡು ಸೆಕೆಂಡಿಗೆ ಇಳಿಸಿದರೆ ಅಂತರವೂ ಇಳಿಯುತ್ತದೆ, ಆದರೆ ಬಫರ್ ಚಿಕ್ಕದಾಗುತ್ತದೆ, ನೆಟ್ ಚೂರು ಅಲುಗಾಡಿದರೂ ವಿಡಿಯೋ ನಿಲ್ಲುತ್ತದೆ. ವಿಡಿಯೋ ಕಾಲ್‌ಗೆ ಇದೂ ಸಾಲದು. ಅಲ್ಲಿ ವೆಬ್‌ಆರ್‌ಟಿಸಿ ಬಳಸುತ್ತಾರೆ. ಅದು ಸಾಮಾನ್ಯವಾಗಿ ಕಳೆದುಹೋದ ಪ್ಯಾಕೆಟನ್ನು ತಾನಾಗಿ ಮತ್ತೆ ಕಳಿಸದ ಯುಡಿಪಿ ಪ್ರೋಟೋಕಾಲ್ ಮೇಲೆ ಓಡುತ್ತದೆ, ತಡವಾಗಿ ಬರುವ ಪ್ಯಾಕೆಟ್‌ಗೆ ಕಾಯುತ್ತಾ ಕೂರುವುದಿಲ್ಲ. ಮಾತು ನಡುವೆ ಒಡೆದರೂ ಪರವಾಗಿಲ್ಲ, ಮೂರು ಸೆಕೆಂಡ್ ಬಿಟ್ಟು ಬಂದರೆ ಸಂಭಾಷಣೆಯೇ ನಡೆಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಉಪನ್ಯಾಸ, ಸಮಾರಂಭ, ಸಂಗೀತ ಕಛೇರಿಗಳಿಗೆ 20 ಸೆಕೆಂಡ್ ತಡವೇ ಇರಲಿ. ನೋಡುವವರಿಗೆ ಎಲ್ಲೂ ನಿಲ್ಲದೆ ಓಡುವುದು ಮುಖ್ಯ.

ನೀವೇ ಲೈವ್ ಮಾಡುವಾಗ

ಲೈವ್ ಕಳಿಸುವ ತಂತ್ರಾಂಶ ಓಬಿಎಸ್ ಸ್ಟುಡಿಯೋ ಉಚಿತ, ಶುರುವಿಗೆ ಅದೇ ಸಾಕು. ಮೊದಲು ಅಪ್‌ಲೋಡ್ ಸ್ಪೀಡ್ ಅಳೆಯಿರಿ. ಡೌನ್‌ಲೋಡ್ 100 ಇದ್ದರೂ ಅಪ್‌ಲೋಡ್ 10 ಮಾತ್ರ ಇರುವ ಸಂಪರ್ಕಗಳು ಬೇಕಾದಷ್ಟಿವೆ. ಸಿಕ್ಕ ಅಪ್‌ಲೋಡ್‌ನ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬಿಟ್‌ರೇಟ್ ಇಡಬೇಡಿ.

ಸೆಟ್ಟಿಂಗ್ಸ್‌ನಲ್ಲಿ "ಸ್ಟ್ರೀಮ್" ತೆರೆದು ನಿಮ್ಮ ವೇದಿಕೆ ಕೊಟ್ಟ ಸ್ಟ್ರೀಮ್ ಕೀ ಹಾಕಿ. ಈ ಕೀ ಪಾಸ್‌ವರ್ಡ್ ಇದ್ದ ಹಾಗೆ, ಸ್ಕ್ರೀನ್‌ಶಾಟ್‌ನಲ್ಲೂ ಹೊರಗೆ ಬೀಳಬಾರದು. ಸಿಕ್ಕವರು ನಿಮ್ಮ ಚಾನೆಲ್‌ನಲ್ಲಿ ಏನು ಬೇಕಾದರೂ ಪ್ರಸಾರ ಮಾಡಬಹುದು. "ಔಟ್‌ಪುಟ್" ಮೋಡ್ ಅನ್ನು ಅಡ್ವಾನ್ಸ್ಡ್‌ಗೆ ಬದಲಿಸಿ, ರೇಟ್ ಕಂಟ್ರೋಲ್ ಸಿಬಿಆರ್ (ಬಿಟ್‌ರೇಟ್ ಉದ್ದಕ್ಕೂ ಒಂದೇ ಇರುವ ಬಗೆ), ಕೀಫ್ರೇಮ್ ಅಂತರ 2 ಸೆಕೆಂಡ್ ಮಾಡಿ. ಆಟೋ ಬಿಟ್ಟರೆ ಅಂತರ ದೊಡ್ಡದಾಗಿ, ಆಚೆ ತುಂಡು ಮಾಡುವವರಿಗೆ ಸರಿಯಾದ ಜಾಗ ಸಿಗುವುದಿಲ್ಲ. 1080ಪಿ, 30 ಫ್ರೇಮ್‌ಗೆ 4,500 ಕಿಲೋಬಿಟ್, 720ಪಿಗೆ 2,500ರಿಂದ 3,000 ಇಟ್ಟು ನೋಡಿ. ಆಡಿಯೋ 128 ಅಥವಾ 160 ಕಿಲೋಬಿಟ್, 48 ಕಿಲೋಹರ್ಟ್ಜ್. ಮೈಕ್ ಮತ್ತು ಓಬಿಎಸ್ ಎರಡರಲ್ಲೂ ಸ್ಯಾಂಪಲ್ ರೇಟ್ ಒಂದೇ ಇರಲಿ. ಆಗುವುದಾದರೆ ನೆಟ್‌ಗೆ ವೈರ್ ಎಳೆಯಿರಿ, ಅನಿವಾರ್ಯವಾದರೆ ಮಾತ್ರ ವೈಫೈ.

ಮೊದಲು ಖಾಸಗಿಯಾಗಿ ಅಥವಾ ಅನ್‌ಲಿಸ್ಟೆಡ್ ಆಗಿ ಪ್ರಸಾರ ಮಾಡಿ, ಮೊಬೈಲ್ ಡೇಟಾ ಮೇಲಿರುವ ಬೇರೆ ಫೋನಿನಲ್ಲಿ ನೋಡಿ. ಚಿತ್ರಕ್ಕಿಂತ ಮೊದಲು ಶಬ್ದ ಪರೀಕ್ಷಿಸಿ. ಚಿತ್ರ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ಶಬ್ದ ಕೆಟ್ಟರೆ ಎದ್ದು ಹೋಗುತ್ತಾರೆ.

ಬರೀ ಆಡಿಯೋ ಸಾಕಾದರೆ ಕೆಲಸ ಇನ್ನೂ ಹಗುರ. ಐಸ್‌ಕಾಸ್ಟ್‌ನಂಥ ಸರ್ವರ್‌ಗೆ ಒಂದೇ ಸಂಪರ್ಕದಲ್ಲಿ ಎಡೆಬಿಡದೆ ಆಡಿಯೋ ಕಳಿಸಿದರೆ, ಅದು ಕೇಳುಗರಿಗೆಲ್ಲ ಹಂಚುತ್ತದೆ. ಇಲ್ಲಿ ತುಂಡೂ ಇಲ್ಲ, ಪ್ರತಿಗಳೂ ಬೇಡ. 128 ಕಿಲೋಬಿಟ್‌ಗೆ ಗಂಟೆಗೆ ಸುಮಾರು 58 ಮೆಗಾಬೈಟ್ ಆಗುತ್ತದೆ. ನಮ್ಮ 1080ಪಿ ವಿಡಿಯೋದ ಲೆಕ್ಕದಲ್ಲಿ ಗಂಟೆಗೆ 2,250 ಮೆಗಾಬೈಟ್.

ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು

ನೋಡುವಾಗ ನಿಂತು ನಿಂತು ಓಡಿದರೆ ಮೊದಲು ಬಫರ್ ಸಂಖ್ಯೆ ನೋಡಿ. ಅದು ಸೊನ್ನೆಗೆ ಇಳಿಯುತ್ತಿದ್ದರೆ ತೊಂದರೆ ನೆಟ್‌ನದ್ದು ಅಥವಾ ಸರ್ವರ್‌ನದ್ದು. ಬೇರೆ ಸೈಟ್ ಚೆನ್ನಾಗಿ ಓಡುತ್ತಿದ್ದರೆ ನಿಮ್ಮ ನೆಟ್ ಮೇಲೆ ಅನುಮಾನ ಬೇಡ. ಬಫರ್ ತುಂಬಿದ್ದೂ ಚಿತ್ರ ತಡವರಿಸುತ್ತಿದ್ದರೆ "ಡ್ರಾಪ್ಡ್ ಫ್ರೇಮ್ಸ್" ನೋಡಿ. ಅದು ಏರುತ್ತಿದ್ದರೆ ಸಾಧನಕ್ಕೆ ವಿಡಿಯೋ ಬಿಚ್ಚಲು ಆಗುತ್ತಿಲ್ಲ. ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ, ಬ್ರೌಸರ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಆನ್ ಇದೆಯಾ ಅಂತ ನೋಡಿ.

ಕಳಿಸುವವರ ಕಡೆಯೂ ಇದೇ ಭೇದ ಇದೆ. ಓಬಿಎಸ್‌ನ "ಸ್ಟ್ಯಾಟ್ಸ್" ಕಿಟಕಿಯಲ್ಲಿ ನೆಟ್‌ವರ್ಕ್‌ನಿಂದ ಬಿದ್ದ ಫ್ರೇಮ್‌ಗಳು ಬೇರೆ, ಎನ್‌ಕೋಡಿಂಗ್ ತಡವಾಗಿ ಬಿಟ್ಟುಹೋದವು ಬೇರೆ. ಮೊದಲನೆಯದು ಏರಿದರೆ ಬಿಟ್‌ರೇಟ್ ಇಳಿಸಿ. ಎರಡನೆಯದು ಏರಿದರೆ ಬಿಟ್‌ರೇಟ್ ಮುಟ್ಟಿ ಉಪಯೋಗವಿಲ್ಲ. ಹಗುರವಾದ ಪ್ರಿಸೆಟ್ (ಎನ್‌ಕೋಡಿಂಗ್‌ನ ಸಿದ್ಧ ಸೆಟ್ಟಿಂಗ್) ಆರಿಸಿ, ಅಥವಾ ಎನ್‌ಕೋಡಿಂಗ್ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ವಹಿಸಿ. ತುಟಿಗೂ ಮಾತಿಗೂ ತಾಳೆಯಾಗದಿದ್ದರೆ, ಅಂತರ ಶುರುವಿನಿಂದಲೂ ಒಂದೇ ಇದೆಯಾ, ಇಲ್ಲ ಹೊತ್ತು ಹೋದಂತೆ ಬೆಳೆಯುತ್ತಿದೆಯಾ ಅಂತ ಗಮನಿಸಿ. ಒಂದೇ ಇದ್ದರೆ ಓಬಿಎಸ್‌ನ ಆಡಿಯೋ ಸಿಂಕ್ ಆಫ್‌ಸೆಟ್‌ನಲ್ಲಿ ಅಷ್ಟು ಮಿಲಿಸೆಕೆಂಡ್ ಹಾಕಿದರೆ ಸರಿಹೋಗುತ್ತದೆ. ಬೆಳೆಯುತ್ತಿದ್ದರೆ ಸ್ಯಾಂಪಲ್ ರೇಟ್‌ಗೆ ಹಿಂತಿರುಗಿ. ಒಂದು ಕಡೆ 44.1, ಇನ್ನೊಂದು ಕಡೆ 48 ಇದೆಯೇ ಅಂತ ಮೊದಲು ನೋಡಿ.